ಹಾರದ ಬದಲು ಕೊಟ್ಟ ಪುಸ್ತಕ

ಹಾಸನದ ಪುಸ್ತಕ ಹಬ್ಬದ ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ 'ಬೆಳಿಗ್ಗೆ ಹನ್ನೊಂದೂವರೆ, ಲೇಖಕಿಯ ಮಾತು, ಇಪ್ಪತ್ತು ನಿಮಿಷ' ಎಂದು ಅಚ್ಚಾಗಿತ್ತು. ಅದನ್ನು ನಂಬಿ ನಾನು ಇನ್ನೊಬ್ಬರನ್ನೂ ಕರೆದಿದ್ದೆ. ನನ್ನ ಸಿಟ್ಟು ಇವತ್ತಿಗೂ ಇಳಿಯದಿರುವುದು ಅದಕ್ಕೇ.

ನಾನು ಹೊಳೆನರಸೀಪುರದಲ್ಲಿ ಹೈಸ್ಕೂಲ್ ಟೀಚರ್. ಗೊರೂರು ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿದ ಊರುಗಳ ಹೆಂಗಸರ ಜೊತೆ ಆರು ವರ್ಷ ಕೂತು, ಅವರು ಹೇಳಿದ್ದನ್ನೆಲ್ಲ ಬರೆದುಕೊಂಡು ಒಂದು ಪುಸ್ತಕ ಮಾಡಿದ್ದೆ. ಮೊದಲ ಅಧ್ಯಾಯ ಈಗ ಮಲ್ಲಿಪಟ್ಟಣದ ಹತ್ತಿರ ಇರುವ ಒಬ್ಬ ಅಜ್ಜಿಯದು. ಅವರಿಗೆ ಓದಲು ಬರುವುದಿಲ್ಲ. "ನೀನ್ ಮಾತಾಡದಾದ್ರೂ ಕೇಳ್ತೀನಿ ಕಣ್ ಟೀಚರಮ್ಮ, ಬತ್ತೀನಿ" ಎಂದಿದ್ದರು.

ಬಂದರು. ನಾನು ಹಬ್ಬದಲ್ಲಿ ನನಗೆ ಕೊಟ್ಟ ಮಳಿಗೆಯಲ್ಲಿ ಪುಸ್ತಕ ಜೋಡಿಸಿಟ್ಟು, ಬಸ್ ಸ್ಟ್ಯಾಂಡಿಗೆ ಹೋಗಿ ಅವರನ್ನು ಕರೆದುಕೊಂಡು ವಾಪಸ್ ಬರುವಷ್ಟರಲ್ಲಿ ಮೇಜಿನ ಮೇಲೆ ಹತ್ತು ಪ್ರತಿ ಇರಲಿಲ್ಲ. "ಕಮಿಟಿಯವರು ತಗೊಂಡೋದ್ರು ಮೇಡಂ, ನಿಮಗೆ ಹೇಳಿದೀವಿ ಅಂದ್ರು" ಎಂದ ಪಕ್ಕದ ಮಳಿಗೆಯವನು. ನನಗೆ ಯಾರೂ ಹೇಳಿರಲಿಲ್ಲ.

ಮುಖ್ಯ ಅತಿಥಿಗಳು ಬಂದಾಗ ಮಧ್ಯಾಹ್ನ ಒಂದು ಗಂಟೆ. ಹಾರ ತುರಾಯಿ ಬದಲು ಪುಸ್ತಕ ಕೊಟ್ಟು ಗೌರವಿಸುತ್ತೇವೆ ಎಂದು ಹಬ್ಬದ ಸಮಿತಿಯ ಅಧ್ಯಕ್ಷರು ಘೋಷಿಸಿದರು. ವೇದಿಕೆಯಲ್ಲಿದ್ದ ಹತ್ತು ಜನರ ಕೈಗೂ ಬಂದದ್ದು ನನ್ನ ಪುಸ್ತಕ. ಒಂದು ಕ್ಷಣ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಬರೆದವರ ಹೆಸರು ಈಗ ಹೇಳುತ್ತಾರೆ ಎಂದು ಸೆರಗು ಸರಿಮಾಡಿಕೊಂಡೆ. ಹೇಳಲಿಲ್ಲ. ಅತಿಥಿಗಳು ಮುಕ್ಕಾಲು ಗಂಟೆ ರಸ್ತೆ, ಚರಂಡಿ, ವಿರೋಧಿಗಳು ಅಂತ ಮಾತಾಡಿ ಹೊರಟರು. ಅವರ ಹಿಂದೆ ಅರ್ಧ ಸಭೆ ಹೊರಟಿತು. "ಸಮಯದ ಅಭಾವದಿಂದ ಲೇಖಕಿಯ ಮಾತು ಕೈಬಿಡಲಾಗಿದೆ, ಎಲ್ಲರೂ ಊಟಕ್ಕೆ ದಯಮಾಡಿಸಬೇಕು" ಎಂದರು ನಿರೂಪಕರು.

ವೇದಿಕೆಯ ಸೋಫಾಗಳ ಮೇಲೆ ಆರು ಪುಸ್ತಕ ಹಾಗೇ ಬಿದ್ದಿದ್ದವು. ಒಂದರ ಮೇಲೆ ಯಾರೋ ಉಪ್ಪಿಟ್ಟು ತಿಂದ ತಟ್ಟೆ ಇಟ್ಟಿದ್ದರು.

ಅಜ್ಜಿ ನನ್ನ ಹಿಂದೆಯೇ ಮೆಟ್ಟಿಲು ಹತ್ತಿ ಬಂದಿದ್ದರು. "ಇದ್ರಾಗೆ ನಮ್ಮವ್ವನ್ ವಿಚಾರ ಬರ್ದಿದ್ದೀನಿ ಅಂದಿದ್ಯಲ್ಲ?"

"ಹೌದು, ಅಜ್ಜಿ."

"ಮತ್ತೆ ಅದ್ರ್ ಮ್ಯಾಲೆ ಎಂಜಲ್ ತಟ್ಟೆ ಯಾಕ್ ಮಡಗವ್ರೆ?"

ನಾನು ಜೀವನಪೂರ್ತಿ 'ಪರವಾಗಿಲ್ಲ ಸಾರ್' ಎಂದೇ ಬದುಕಿದವಳು. ಅವತ್ತು ಆ ಮಾತು ಬಾಯಿಗೆ ಬರಲಿಲ್ಲ. ಅಧ್ಯಕ್ಷರು ಪಾಯಸದ ಲೋಟ ಹಿಡಿದು ನಿಂತಿದ್ದರು. ನನ್ನ ಮಾತು ಯಾಕೆ ಕೈಬಿಟ್ಟಿರಿ ಎಂದು ಕೇಳಿದೆ. "ಜನ ಊಟ ಮಾಡ್ತಾ ಇರಲಿ, ನೀವು ಬೇಕಾದ್ರೆ ಎರಡು ಮಾತಾಡಿ ಮೇಡಂ" ಎಂದರು, ನಗುತ್ತಾ.

ಮೈಕಿನವನು ವೈರು ಸುತ್ತುತ್ತಿದ್ದ. ಬೇಡವೆಂದು ತಡೆದು, ಮೈಕನ್ನು ಅಜ್ಜಿಯ ಕೈಗೆ ಕೊಟ್ಟೆ. ನಾನು ಬಾಯಿ ತೆರೆದಿದ್ದರೆ ಬೈಗುಳ ಬಿಟ್ಟು ಬೇರೇನೂ ಬರುತ್ತಿರಲಿಲ್ಲ.

ಅವರು ಹೆದರಲಿಲ್ಲ. "ನೀರು ಬತ್ತದೆ, ಎದ್ದೋಗಿ ಅಂದ್ರು. ಗಾಡಿ ಕಟ್ಟಾಗಿತ್ತು. ನಮ್ಮವ್ವ ಇಳ್ದು ಒಳಕ್ಕೋಗಿ ಮನೆ ಗುಡ್ಸಿ, ಬಾಗ್ಲು ಸಾರ್ಸಿ, ರಂಗೋಲೆ ಬುಟ್ಳು. ಇನ್ಯಾರ್ ಬತ್ತಾರೆ ಅಂತ ಸಾರುಸ್ತಿದ್ದೀಯೆ ಅಂತ ನಮ್ಮಪ್ಪ ಬೈದ. ನೀರು ಬತ್ತದಲ್ಲ, ಅಂದ್ಲು."

ಊಟದ ಸಾಲಿನಲ್ಲಿ ನಾಲ್ಕೈದು ಜನ ತಟ್ಟೆ ಹಿಡಿದುಕೊಂಡೇ ವೇದಿಕೆಯ ಕಡೆ ತಿರುಗಿದರು. ಉಳಿದವರಿಗೆ ಸಾಂಬಾರಿನ ಚಿಂತೆ. ಅಧ್ಯಕ್ಷರು ನನ್ನ ಪಕ್ಕ ಬಂದು, "ಬೇಗ ಮುಗಿಸೋಕೆ ಹೇಳಿ" ಎಂದು ಪಿಸುಗುಟ್ಟಿದರು. "ನೀವೇ ಹೇಳಿ ಸಾರ್, ಅವರ ಮುಖ ನೋಡಿ ಹೇಳಿ" ಎಂದೆ. ಹೇಳಲಾರದೆ ಹಿಂದೆ ಸರಿದರು.

ಮರುದಿನ ಪತ್ರಿಕೆಯಲ್ಲಿ, ಹಾರದ ಬದಲು ಪುಸ್ತಕ ಕೊಟ್ಟ ಸಮಿತಿಗೆ ಶಹಬ್ಬಾಸ್‌ಗಿರಿ. ಅಧ್ಯಕ್ಷರೇ ಫೋನ್ ಮಾಡಿ ಓದಿ ಹೇಳಿದರು, ನಿಮಗೂ ಪ್ರಚಾರ ಸಿಕ್ಕಿತಲ್ಲ ಎಂದರು. ಉಳಿದ ನಾಲ್ಕು ಪ್ರತಿ ಎಲ್ಲಿ ಎಂದು ಕೇಳಿದೆ.

"ಕೊಟ್ಟಿದ್ದನ್ನ ಯಾರಾದ್ರೂ ವಾಪಸ್ ಕೇಳ್ತಾರಾ ಮೇಡಂ?"

"ಕೊಟ್ಟವಳು ನಾನಲ್ಲ ಸಾರ್" ಎಂದೆ. ಫೋನ್ ಇಡದೆ, ಉತ್ತರಕ್ಕೆ ಕಾಯುತ್ತಾ ನಿಂತೆ.