ಹಗ್ಗ ಕಡಿದ ಸರ್

ಸರ್ ಅವರ ಅಂಗಿಯ ಬಲ ಮೊಣಕೈ ಯಾವಾಗಲೂ ಬೆಳ್ಳಗಿರುತ್ತಿತ್ತು. ಡಸ್ಟರ್ ಹುಡುಕುವ ತಾಳ್ಮೆ ಅವರಿಗಿರಲಿಲ್ಲ. ಹಲಗೆಯನ್ನು ಮೊಣಕೈಯಲ್ಲೇ ಒರೆಸುತ್ತಿದ್ದರು. ಪಿಯುಸಿಯಲ್ಲಿ ನನಗೆ ಜೀವಶಾಸ್ತ್ರ ಕಲಿಸಿದವರು. ವಿಟ್ಲದ ಹತ್ತಿರ ನಮ್ಮ ಪಕ್ಕದಲ್ಲೇ ಬಾಡಿಗೆಗಿದ್ದರು.

ಸಿಟ್ರಿಕ್ ಆಮ್ಲ ಚಕ್ರದ ಪಾಠದ ದಿನ ದೊಡ್ಡ ವೃತ್ತ ಎಳೆದು, "ಹೆಸರುಗಳನ್ನು ಆಮೇಲೆ ಬಾಯಿಪಾಠ ಮಾಡಿ. ಇದು ಯಾವಾಗ ನಿಲ್ತದೆ ಅಂತ ಮೊದಲು ಕೇಳಿ" ಎಂದಿದ್ದರು. ಉಂಡ ಅನ್ನ ಜೀವಕೋಶದೊಳಗೆ ಈ ಚಕ್ರದಲ್ಲಿ ಕರಗುತ್ತದೆ. ಅದರ ಇಂಗಾಲ ನಾವು ಬಿಡುವ ಉಸಿರಿನಲ್ಲಿ ಹೋಗುತ್ತದೆ. ಶಕ್ತಿ ಇಲೆಕ್ಟ್ರಾನುಗಳ ಹೊರೆಯಾಗಿ ಮುಂದೆ ಸಾಗುತ್ತದೆ. ಆ ಹೊರೆಯನ್ನು ಕೊನೆಗೆ ಇಳಿಸಿಕೊಳ್ಳುವುದು ಆಮ್ಲಜನಕ. "ಅದಿಲ್ಲದಿದ್ರೆ? ಫರಂಗಿಪೇಟೆಯಲ್ಲಿ ಒಂದು ಲಾರಿ ಅಡ್ಡ ನಿಂತ್ರೆ ಬಿ.ಸಿ. ರೋಡಿನ ತನಕ ಬ್ಲಾಕ್ ಆಗುದಿಲ್ವಾ ಮಾರಾಯ? ಹಾಗೇ. ಚಕ್ರವೂ ನಿಂತಿತು, ಮನುಷ್ಯನೂ ನಿಂತ."

ನಾನು ಡಿಗ್ರಿ ಮುಗಿಸಿದ ಬೇಸಿಗೆಯಲ್ಲಿ ಆಚೆಮನೆಯ ಅಣ್ಣತಮ್ಮಂದಿರು ಪಾಳುಬಾವಿ ಸ್ವಚ್ಛ ಮಾಡಲು ಹೊರಟರು. ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಳ್ಳದೆ, ಬರೀ ಹಿಡಿದುಕೊಂಡು ಅಣ್ಣ ಇಳಿದ. ತಳ ಮುಟ್ಟಿದವನು ಕೂಗದೆಯೇ ಕುಸಿದ. ತಮ್ಮನ ಬೊಬ್ಬೆ ಕೇಳಿ ನಾನೂ ಸರ್‌ ಕೂಡ ಓಡಿದೆವು. ನಾನು ಹಗ್ಗ ಹಿಡಿದು ಒಂದು ಕಾಲನ್ನು ಬಾವಿಯೊಳಗೆ ಇಳಿಬಿಟ್ಟಾಗಿತ್ತು. ಹಿಂದೆಯೇ ತಮ್ಮ.

"ಕೆಳಗೆ ಗಾಳಿ ಇಲ್ಲ. ಇಳಿದವ ಮೇಲೆ ಬರುದಿಲ್ಲ" ಎಂದರು ಸರ್.

"ಪಾಠ ಕಾಲೇಜಲ್ಲಿ ಮಾಡಿ ಸರ್. ಇಲ್ಲಿ ನನ್ನ ಅಣ್ಣ ಸಾಯ್ತಾ ಇದ್ದಾನೆ" ಎಂದ ತಮ್ಮ.

ಸರ್ ನನ್ನ ಅಂಗಿ ಹಿಡಿದು ಹಿಂದಕ್ಕೆ ಎಸೆದರು. ತೆಂಗಿನಕಾಯಿ ರಾಶಿಯ ಬದಿಯಲ್ಲಿದ್ದ ಕತ್ತಿ ಎತ್ತಿ ಹಗ್ಗ ಕಡಿದೇ ಬಿಟ್ಟರು. ಅದು ನೀರಿಗೆ ಬಿದ್ದ ಸದ್ದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಅಗ್ನಿಶಾಮಕದವರು ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಇಳಿದು ಅಣ್ಣನ ಹೆಣ ತಂದರು.

ಅಂದಿನಿಂದ ಊರಿಗೆ ಅವರು 'ಹಗ್ಗ ಕಡಿದ ಸರ್'. ಹಗ್ಗ ಇದ್ದಿದ್ದರೆ ಎಳೆಯಬಹುದಿತ್ತಂತೆ. ಯಾರನ್ನು ಎಳೆಯುವುದು? ಅವನು ಅದನ್ನು ಕಟ್ಟಿಕೊಂಡಿರಲೇ ಇಲ್ಲ. ಅಂದು ಬಾವಿಯ ಸುತ್ತ ನಿಂತು ನೋಡಿದವರೇ ಹೋಟೆಲಿನಲ್ಲಿ ಕೂತು ಹೀಗೆ ಹೇಳಿದರು. ತಮ್ಮನೂ ಹೇಳಿದ.

"ನೀವಾದ್ರೂ ಉತ್ತರ ಕೊಡಿ ಸರ್" ಎಂದು ನಾನು ಸಿಡಿದೆ.

"ಬಯ್ಲಿ. ಬಯ್ಯಲಿಕ್ಕೆ ಅವ ಇದ್ದಾನಲ್ಲ" ಎಂದರು.

ಮೊನ್ನೆ ಸರ್ ತೀರಿಕೊಂಡರು. ಕೊನೆಯ ಸಲ ನೋಡಲು ಊರಿನ ಯಾರೂ ಬರಲಿಲ್ಲ. ನಾನು ಸೀದಾ ತಮ್ಮನ ಮನೆಗೆ ಹೋದೆ. ಬಾವಿಯ ಘಟನೆಯ ಮರುವರ್ಷ ಹುಟ್ಟಿದ ಮಗಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊರಟಿದ್ದ.

"ಬರುದಿಲ್ವಾ?"

"ನನಗೆ ಆ ಮನುಷ್ಯನ ಮುಖ ನೋಡ್ಲಿಕ್ಕಿಲ್ಲ."

ಸರ್‌ಗಿದ್ದ ಸಮಾಧಾನ ನನಗಿಲ್ಲ. ಸ್ಕೂಟರಿನ ಕೀ ಕಿತ್ತುಕೊಂಡೆ. "ನಡೆದಾದ್ರೂ ಬಾ" ಎಂದೆ.

ಸರ್ ಮನೆಯ ಗೇಟಿನ ತನಕ ಬಂದ, ಒಳಗೆ ಬರಲಿಲ್ಲ. ಕೀ ನಾನಿನ್ನೂ ಕೊಟ್ಟಿಲ್ಲ.