ಮಂಡಿಗೆ ಪುಡಿ, ಪುಡಿಗೆ ಅಂಟಿನುಂಡೆ

ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ ನನಗೆ ಮೊಮ್ಮಗಳು ಹುಟ್ಟಿದಳು. ನಾನು ಓದಿದ್ದು ನಾಲ್ಕನೇ ಕ್ಲಾಸಾದರೂ ಸುದ್ದಿ ಸಾರುವುದರಲ್ಲಿ ಯಾರಿಗೂ ಕಡಿಮೆಯಿಲ್ಲ. ಕೃಷ್ಣಮೂರ್ತಿಪುರಂನ ನಮ್ಮ ಬೀದಿಯಲ್ಲಿ ಸೊಪ್ಪಿನವಳಿಗೂ ಎರಡೆರಡು ಸಲ ಹೇಳಿದ್ದೆ.

ಮಗುವಿಗೆ ನಾನೇ ನೀರು ಹಾಕಬೇಕು, ಅದೊಂದೇ ಆಸೆ. ಮಣೆಯ ಮೇಲೆ ಕೂತು ಎರಡೂ ಕಾಲು ನೀಳವಾಗಿ ಚಾಚಿ, ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ತೀಡಬೇಕು. ನನ್ನ ಮಂಡಿಗಳು ಮಾತ್ರ ಚಾಚಲು ಒಪ್ಪದೆ ಚಾಮುಂಡಿಬೆಟ್ಟದ ಹಾಗೆ ಎದ್ದು ನಿಲ್ಲುತ್ತಿದ್ದವು.

"ಮಗು ಜಾರ್ಬುಡುತ್ತೆ ಕಣಮ್ಮ. ನಿನ್ ಕಾಲು ನೆಟ್ಟಗಾಗೋವರ್ಗೂ ಬೇರೆಯವರು ಹಾಕ್ಲಿ," ಎಂದಳು ಮಗಳು.

"ನಿಂಗೆ ಹಾಕ್ದೋಳು ನಾನೇ. ಜಾರ್ಬಿದ್ಯೇನೇ?"

"ಆಗ ನಿನ್ ಮಂಡಿ ಹಿಂಗಿರ್ಲಿಲ್ವಲ್ಲ!"

ನೀರು ಹಾಕಲು ಒಬ್ಬಾಕೆ ಬಂದಳು. ನಾನು ಬಚ್ಚಲ ಬಾಗಿಲಲ್ಲಿ ನಿಂತು ಬರೀ ಸಲಹೆ ಸುರಿದೆ.

ಆಗಲೇ ಕುವೆಂಪುನಗರದಿಂದ ನಮ್ಮ ಯಜಮಾನರ ಸ್ನೇಹಿತರು ಸ್ಕೂಟರಿನಲ್ಲಿ ಬಂದರು. ರಿಟೈರಾದ ಮೇಲೆ ಅವರು ಕೀಲುನೋವಿನ ಪುಡಿ ಮಾರುತ್ತಿದ್ದರು. ಕುಂಟುತ್ತಲೇ ಒಳಗೆ ಬಂದು, ಯಾವ ಮಂಡಿಯಾದರೂ ಸರಿಹೋಗುತ್ತದೆಂದು ಡಬ್ಬ ಕೊಟ್ಟರು. "ಖಾಲಿ ಹೊಟ್ಟೇಲಿ ಮಾತ್ರ ಬೇಡ ಕಣಮ್ಮ."

ನಾನು ಚಾಚೂ ತಪ್ಪಲಿಲ್ಲ. ಬೆಳಿಗ್ಗೆ ಸಂಜೆ ಅಂಟಿನುಂಡೆ ತಿಂದೇ ಪುಡಿ ಕದಡಿ ಕುಡಿದೆ. ಬಾಣಂತಿಗೆಂದು ಡಬ್ಬಿ ತುಂಬ ಕಟ್ಟಿಟ್ಟಿದ್ದೆವಲ್ಲ!

ಮೊದಲೇ ಇದ್ದ ಶುಗರ್ ಒಂದೇ ಸಮನೆ ಏರಿತು. "ಆ ಪುಡೀದೇ ಕೆಲ್ಸ," ಎಂದು ಯಜಮಾನರು ಹಾರಾಡಿದರು. ಸ್ನೇಹಿತರು ಫೋನಿನಲ್ಲಿ, "ಪುಡಿ ಸರಿಯಾಗೇ ಇದೆ ಕಣಯ್ಯ, ನಿಮ್ಮನೆಯವರ ಶುಗರ್ ಸರಿಯಿಲ್ಲ," ಎಂದರು. ಮಗಳು, ಮಗು, ಡಬ್ಬ ಸಮೇತ ಎಲ್ಲರೂ ಡಾಕ್ಟರಮ್ಮನ ಮುಂದೆ ಕೂತೆವು.

"ಸಿಹಿ ತಿಂತೀರಾ?"

"ಶಿವ ಶಿವಾ! ಕಾಫಿಗೂ ಸಕ್ಕರೆ ಹಾಕ್ಕೊಳಲ್ಲ," ಎಂದು ಯಜಮಾನರು ಸಾಕ್ಷಿ ಹೇಳಿದರು.

ಆಕೆ ಡಬ್ಬದ ಚೀಟಿ ಓದಿದರು. "ಇದೊಂದ್ರಿಂದ್ಲೇ ಇಷ್ಟು ಏರೋದು ಅನುಮಾನ. ಆದ್ರೂ ಸದ್ಯಕ್ಕೆ ನಿಲ್ಸಿ. ಯಾವುದ್ರ ಜೊತೆ ತಗೋತಿದ್ರಿ?"

"ಅಂಟಿನುಂಡೆ ಜೊತೆ."

"ಅದು ಸಿಹಿ ಅಲ್ವೇನ್ರೀ?"

"ಅದು ಬಾಣಂತಿ ಔಷಧಿ ಕಣ್ರೀ!" ಎಂದು ಮೂವರೂ ಒಟ್ಟಿಗೆ ಕೂಗಿದೆವು. ಬೆಲ್ಲ, ಕೊಬ್ಬರಿ, ತುಪ್ಪ, ಮೂಳೆಗೆ ಬಲ ಕೊಡುವ ಅಂಟು. ಇದನ್ನು ಸಿಹಿಯೆಂದವರನ್ನು ನಮ್ಮ ಮನೆಯಲ್ಲಿ ಯಾರೂ ಕಂಡಿರಲಿಲ್ಲ.

ಡಾಕ್ಟರಮ್ಮ ನಕ್ಕು ಸುಧಾರಿಸಿಕೊಂಡು ನನ್ನನ್ನು ಮಂಚಕ್ಕೆ ಹತ್ತಿಸಿದರು. ಟವೆಲ್ ಸುತ್ತಿ ಮಂಡಿಯ ಕೆಳಗಿಟ್ಟು, "ಇದನ್ನ ಒತ್ತಿ. ದಿನಾ ಒತ್ತಿ," ಎಂದರು. ನಾನು ಒತ್ತಿದೆ, ಮಗಳ ಮೇಲಿನ ಸಿಟ್ಟನ್ನೂ ಸೇರಿಸಿ ಒತ್ತಿದೆ. ಡಬ್ಬಿಯಲ್ಲುಳಿದ ಬಾಣಂತಿ ಔಷಧಿಯನ್ನು ಯಜಮಾನರು ಯಾವ ಕಾಯಿಲೆಯೂ ಇಲ್ಲದೆ ತಿಂದು ಮುಗಿಸಿದರು. ಶುಗರ್ ಇಳಿಯಿತು. ಬೆಟ್ಟವೂ ಮೆಲ್ಲಗೆ ಇಳಿಯಿತು.

ಒಂದು ಬೆಳಿಗ್ಗೆ ಮಣೆ ಹಾಕಿಕೊಂಡು ಕಾಲು ಚಾಚಿದೆ. ಮಗಳು ನನ್ನ ಮಂಡಿಯಡಿ ಕೈ ತೂರಿಸಲು ನೋಡಿದಳು, ತೂರಲಿಲ್ಲ. ಕೂಸನ್ನು ತಂದು ಕಾಲ ಮೇಲೆ ಮಲಗಿಸಿದಳು.

ಅಷ್ಟರಲ್ಲಿ ಸ್ನೇಹಿತರು ಕುಂಟುತ್ತ ಬಂದು, "ನೋಡಿದ್ರಾ, ನಮ್ ಪುಡಿ!" ಎಂದು ನಡುಮನೆಯಿಂದಲೇ ಕೂಗಿದರು. ಈ ಸಲ ಶುಗರಿನ ಪುಡಿಯನ್ನೂ ತಂದಿದ್ದರಂತೆ. ಜವಾಬು ಕೊಡಲು ನನಗೆಲ್ಲಿ ಪುರುಸೊತ್ತು? ಮೊಮ್ಮಗಳು ಆಗಲೇ ನನ್ನೆರಡೂ ಮಂಡಿಗಳಿಗೆ ಬೆಚ್ಚಗೆ ಅಭಿಷೇಕ ಮಾಡಿದ್ದಳು.