ಬಾಗದ ದಾರಿಗಳು
ಜರ್ಮನಿಯ ಕೊಟ್‌ಬುಸ್ ಪಟ್ಟಣದ ಟಿಲ್ಮನ್‌ಗೆ ಮಧ್ಯಯುಗದ ಊರು ಕಟ್ಟುವ ಕಂಪ್ಯೂಟರ್ ಆಟ ಎಷ್ಟು ಸಿಕ್ಕರೂ ಸಾಲದು. ಸಿಕ್ಕಿದ್ದರ ಮೇಲೆಲ್ಲ ಅನುಮಾನ. ಹಳೆಯದರಂಥದ್ದೇ ಇನ್ನೊಂದನ್ನು ಹುಡುಕಿ ತರುತ್ತಾನೆ, ಹೆಣ್ಣು ನೋಡಲು ಬಂದ ಸೋದರತ್ತೆಯಂತೆ ಅದರ ಗಿರಣಿ, ಬಾವಿ, ಹಂದಿಗೂಡುಗಳನ್ನೆಲ್ಲ ಓರೆಗಣ್ಣಿನಲ್ಲಿ ಅಳೆಯುತ್ತಾನೆ, ಕೊನೆಗೆ “ಥೂ, ಇದರಲ್ಲೂ ದಾರಿ ಬಾಗಲ್ಲ” ಎಂದು ಅಳಿಸುತ್ತಾನೆ. ಮಗುವಿಗೆ ಗಂಜಿ ತಿನ್ನಿಸುವ ಹೆಂಡತಿ ಫ್ರೌಕೆಗೆ ಅವನ ಮೇಲೆಯೇ ಅನುಮಾನ. ಮೊನ್ನೆ ಕೇಳಿಯೇಬಿಟ್ಟಳು: “ಈ ವಾರಕ್ಕೆ ನಾಲ್ಕನೇದು ಕಣೋ. ನಿಜ ಹೇಳು, ನಮ್ಮಿಂದ ತಪ್ಪಿಸಿಕೊಳ್ಳೋಕೆ ತಾನೇ?” “ಸ್ವಲ್ಪ ಇರೇ, ಇದರಲ್ಲಿ ಬಾಗ್ತಿದೆ!” ಅವಳು ಪರದೆಯತ್ತ ಬಗ್ಗಿ ನೋಡಿದಳು. ಕೊಳವನ್ನು ಬಳಸಿದ ದಾರಿ, ತಿರುವಿನಲ್ಲಿ ಚರ್ಚು, ಆಚೆ ಒಂದೇ ಮನೆ. ಅವನ ಅಮ್ಮನ ಮನೆಯ ಗೋಡೆಯ ಮೇಲಿನ ಫೋಟೊದಲ್ಲಿದ್ದದ್ದೂ ಇದೇ: ಕಲ್ಲಿದ್ದಲು ಗಣಿಗಾಗಿ ಅಗೆದುಹಾಕಿದ ಅವನ ಹುಟ್ಟೂರು. ಫ್ರೌಕೆ ಮಗುವನ್ನು ಅವನ ತೊಡೆಗಿಳಿಸಿದಳು. “ನಿಮ್ಮನೆ ಬಾಗಿಲು ಕೊಳದ ಕಡೆಗಿತ್ತಲ್ವೇನೋ? ತಿರುಗಿಸು.”